ಭಾರ ಲೆಕ್ಕ ಹಾಕುವವರು

ಸಿವಿಲ್ ಇಂಜಿನಿಯರ್ ಬೇರೆ, ಸ್ಟ್ರಕ್ಚರಲ್ ಇಂಜಿನಿಯರ್ ಬೇರೆ ಎಂದು ಜನಕ್ಕೆ ತಿಳಿಹೇಳುವುದರಲ್ಲೇ ನನ್ನ ಅರ್ಧ ನೌಕರಿ ಮುಗಿಯಿತು. ಆಗಿನ್ನೂ ಇಂಗ್ಲಿಷರ ಆಡಳಿತ. ಗೋಕಾಕದ ನಮ್ಮ ಕಚೇರಿಯಲ್ಲಿ ಇಬ್ಬರು ಸಾಹೇಬರು. ರಸ್ತೆ, ಮಣ್ಣು, ನೀರು ಸಿವಿಲ್ ಸಾಹೇಬರಿಗೆ; ಕಂಬ, ತೊಲೆ ಎಷ್ಟು ಭಾರ ತಡೆದಾವು ಎಂಬ ಲೆಕ್ಕ ಸ್ಟ್ರಕ್ಚರಲ್ ಸಾಹೇಬರಿಗೆ. ಅವರ ಕೈಕೆಳಗೆ ನಾನು ನಕ್ಷೆ ಬರೆಯುತ್ತಿದ್ದೆ.

೧. ಹುಕ್ಕೇರಿಯ ಮಾವ

ಹೆಣ್ಣು ನೋಡಲು ಹೋಗಿದ್ದೆ. ಹುಡುಗಿ ನನ್ನ ಮನಸ್ಸಿಗೆ ಬಂದಿದ್ದಳು. ನಾನು ಅವರಪ್ಪನ ಮನಸ್ಸಿಗೆ ಬರಬೇಕಿತ್ತು. ಮನೆ ಕಟ್ಟುತ್ತೀರೇನು ಎಂದು ಕೇಳಿದರು. ಇಲ್ಲವೆಂದೆ. ರಸ್ತೆ? ಅದೂ ಸಿವಿಲ್‌ನವರದು ಎಂದೆ. ಕಟ್ಟಿದ್ದು ನಿಲ್ಲುತ್ತದೋ ಬೀಳುತ್ತದೋ ಮೊದಲೇ ಲೆಕ್ಕ ಹಾಕಿ ಹೇಳುವುದು ನಮ್ಮ ಕೆಲಸ ಎಂದು ವಿವರಿಸಿದೆ. ಅವರು ಒಳಗೆ ಹೋಗಿ ಹೆಂಡತಿಗೆ ಹೇಳಿದ್ದು ನನಗೂ ಕೇಳಿಸಿತು: “ಹುಡುಗ ಛಲೋ ಅದಾನ. ಜೋತಿಷ್ಯ ಹೇಳ್ತಾನಂತ.”

ಲಗ್ನವೇನೋ ಆಯಿತು. ಮುಹೂರ್ತ ಮಾತ್ರ ನನ್ನನ್ನೇ ಕೇಳಿದರು.

೨. ಮೂಡಲಗಿಯ ಕಂಬ

ಅಲ್ಲೊಬ್ಬ ಗೌಡರಿಗೆ ಪಡಸಾಲೆಯ ನಡುಗಂಬ ತೆಗೆಸುವ ಹಂಬಲ. ಸಿವಿಲ್ ಸಾಹೇಬರು ನೆಲ ನೋಡಿ ಗಟ್ಟಿ ಇದೆ ಎಂದರು. ನಮ್ಮ ಸಾಹೇಬರು ತೊಲೆ ನೋಡಿ ಕಂಬ ಮುಟ್ಟಬೇಡಿ ಎಂದರು. ವಾದ ಊಟದ ಹೊತ್ತಿನವರೆಗೂ ನಡೆಯಿತು. ಕೊನೆಗೆ ಗೌಡತಿ ಹೊರಗೆ ಬಂದು ಕೇಳಿದರು: “ಕಂಬ ತಗದ್ರ ಮಜ್ಜಿಗಿ ಕಡಿಯೋ ಹಗ್ಗ ಯಾವ ಸಾಹೇಬ್ರ ಕೊರಳಿಗೆ ಕಟ್ಟಲಿರಿ?”

ಕಂಬ ಉಳಿಯಿತು.

೩. ಮೇಲವಂಕಿಯ ಸೇತುವೆ

ಹಳ್ಳದ ಮೇಲಿನ ಹೊಸ ಸೇತುವೆಗೆ, ಊರವರ ಬಾಯಲ್ಲಿ ಪೂಲಿಗೆ, ಅಂದು ಭಾರದ ಪರೀಕ್ಷೆ. ಉಸುಕಿನ ಚೀಲ ತರುತ್ತಿದ್ದ ಚಕ್ಕಡಿಗಳು ಸಿವಿಲ್ ಸಾಹೇಬರ ಹೊಸ ರಸ್ತೆಯಲ್ಲೇ ಹೂತುಕೊಂಡವು. ಅಷ್ಟರಲ್ಲಿ ಕುರುಬನೊಬ್ಬ ಕುರಿ ಹಿಂಡು ಹೊಡೆದುಕೊಂಡು ಬಂದ. ನಮ್ಮ ಸಾಹೇಬರು ಒಂದು ಕುರಿಯನ್ನು ಎತ್ತಿ ನೋಡಿ, ಗುಣಿಸಿ, ಚೀಲದ ಬದಲು ಸೇತುವೆ ಮೇಲೆ ಇವು ನಿಂತರೆ ಸಾಕು ಎಂದರು. ಕುರುಬ ಒಪ್ಪಲಿಲ್ಲ. ಬಿದ್ದರೆ ತನ್ನ ಬದುಕೇ ಹೋಗುತ್ತದೆ ಎಂದ. ಬೀಳುವುದಿಲ್ಲ, ಬೇಕಾದರೆ ನಾನೇ ಕೆಳಗೆ ನಿಲ್ಲುತ್ತೇನೆ ಎಂದು ಸಾಹೇಬರು ಹಳ್ಳಕ್ಕಿಳಿದೇ ಬಿಟ್ಟರು.

ಕುರಿಗಳು ಸೇತುವೆ ತುಂಬ ಒತ್ತೊತ್ತಾಗಿ ನಿಂತವು. ಸೇತುವೆ ಮಿಸುಕಲಿಲ್ಲ. ನಾವೆಲ್ಲ ಉಸಿರು ಬಿಟ್ಟೆವು. ಆಗ ಸಾಹೇಬರ ಟೋಪಿಯ ಮೇಲೆ ಟಪ್ ಎಂದು ಒಂದು ಹನಿ ಬಿತ್ತು. ಆಮೇಲೆ ಧಾರೆ. ಅವರ ಮುಖ ಸುಣ್ಣವಾಯಿತು. ಸೇತುವೆ ಬಿರಿಯಿತು, ಓಡಿರಿ ಎನ್ನುತ್ತ ಕೆಸರಲ್ಲಿ ಬಿದ್ದೆದ್ದು ದಂಡೆ ಹತ್ತಿದರು.

ಕುರುಬ ಬಗ್ಗಿ, ಮಳೆನೀರು ಇಳಿಯಲೆಂದು ಬಿಟ್ಟಿದ್ದ ತೂತನ್ನೊಮ್ಮೆ ನೋಡಿ, ಸಮಾಧಾನದಿಂದ ಹೇಳಿದ:

“ಅಂಜಬ್ಯಾಡ್ರಿ ಸಾಹೇಬ್ರ. ಸೋರಾಕತ್ತಿದ್ದು ಪೂಲ್ ಅಲ್ಲರಿ, ಕುರಿ.”