ನಮ್ಮ ದನದ ದವಾಖಾನಿಗೆ ಯಂತ್ರಗಳು ಬಂದ ಮೇಲೆ

ನಮ್ಮ ದವಾಖಾನಿಯಲ್ಲಿ ವಾರಕ್ಕೊಂದಾದರೂ ತಮಾಷೆ ಆಗಿಯೇ ಆಗುತ್ತದೆ. ಆಗದೇ ಹೋದ ವಾರ ನಮ್ಮ ಕಂಪೌಂಡರಿಗೇ ಬೇಸರ. "ಈ ವಾರ ಯಾಕೋ ಭಾಳ ಸಪ್ಪಗ ಹೋತ್ರಿ ಬಾಯಾರ" ಎನ್ನುತ್ತಾರೆ.

ನಾನು ಬಾಗಲಕೋಟೆಯಲ್ಲಿ ದನದ ಡಾಕ್ಟರು; ಹೆಂಗಸಾದ್ದರಿಂದ ಎಲ್ಲರಿಗೂ 'ಬಾಯಾರು'. ನೌಕರಿಗೆ ಸೇರಿದಾಗ ನಮ್ಮಲ್ಲಿದ್ದದ್ದು ಒಂದು ಮೇಜು, ಒಂದು ಥರ್ಮಾಮೀಟರು, ದನ ನಿಲ್ಲಿಸಿ ಕಟ್ಟುವ ಕಬ್ಬಿಣದ ಪೈಪಿನ ಚೌಕಟ್ಟು, ಇಷ್ಟೇ. ಈಗ ಹೊಸ ಕಟ್ಟಡ. ಎಕ್ಸ್‌ರೇ ಇದೆ, ಸ್ಕ್ಯಾನಿಂಗ್ ಇದೆ, ರಕ್ತ ಪರೀಕ್ಷೆಯ ಲ್ಯಾಬಿದೆ, ಎಮ್ಮೆ ಹತ್ತಿ ನಿಲ್ಲುವಷ್ಟು ದೊಡ್ಡ ತೂಕದ ಯಂತ್ರವಿದೆ, ಊರೂರಿಗೆ ಹೋಗುವ ಗಾಡಿಯೂ ಇದೆ. ದನಗಳು ಇವಕ್ಕೆಲ್ಲ ಬೇಗ ಹೊಂದಿಕೊಂಡವು. ಅವುಗಳ ಜೊತೆ ಬರುವವರಿಗೆ ಇನ್ನೂ ಸ್ವಲ್ಪ ದಿನ ಬೇಕು.

ಎಮ್ಮೆಯ ಸ್ಕ್ಯಾನಿಂಗ್

ಗುಡೂರಿನಿಂದ ಗಂಡ ಹೆಂಡತಿ ಒಂದು ಎಮ್ಮೆ ತಂದಿದ್ದರು. ಎರಡು ಸಲ ಪ್ರಯತ್ನ ಮಾಡಿದರೂ ಅದು ಗಬ್ಬ ನಿಂತಿರಲಿಲ್ಲ. ಮೂರನೆಯ ಸಲವೂ ನಿಲ್ಲದಿದ್ದರೆ ಮಾರಿಬಿಡೋಣ ಎಂದು ಗಂಡ, ಮನೆಯಲ್ಲೇ ಹುಟ್ಟಿ ಬೆಳೆದದ್ದು, ಮಾರಬಾರದು ಎಂದು ಹೆಂಡತಿ. ದಾರಿಯುದ್ದಕ್ಕೂ ಇದೇ ಜಗಳವಾಡುತ್ತ ಬಂದಿದ್ದರಂತೆ.

ನಾನು ಉದ್ದ ಕೈಗವಸು ಹಾಕಿಕೊಂಡು ಪರೀಕ್ಷೆ ಮಾಡುತ್ತ ಪರದೆ ನೋಡಿದೆ. ಕಪ್ಪು ನೀರಿನೊಳಗೆ ಒಂದು ಬಿಳಿ ಚುಕ್ಕಿ ಪಟಪಟ ಮಿಣುಕುತ್ತಿತ್ತು. ಅದು ಕರುವಿನ ಎದೆಬಡಿತ ಎಂದು ತೋರಿಸಿದೆ. ಹೆಂಡತಿ ಪರದೆಯ ಹತ್ತಿರ ಬಂದು ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗಂಡ ಮಾತ್ರ ಬಾಗಿಲ ಕಡೆ ಒಮ್ಮೆ, ಗೋಡೆಯ ಕಡೆ ಒಮ್ಮೆ ನೋಡಿದ. ಮಗಳನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದಾಗ ಅಲ್ಲಿ ದೊಡ್ಡ ಬೋರ್ಡು ಓದಿ ಬಂದಿದ್ದನಂತೆ. ಇಲ್ಲಿ ಅಂಥ ಬೋರ್ಡಿಲ್ಲ ಎಂದು ಖಾತ್ರಿಯಾದ ಮೇಲೆ ಹತ್ತಿರ ಬಂದು ದನಿ ತಗ್ಗಿಸಿದ.

"ಬಾಯಾರ, ಕೇಸ್ ಗೀಸ್ ಮಾಡಬ್ಯಾಡ್ರಿ. ಒಂದ ಮಾತು ಕೇಳ್ತೇನಿ. ಹೆಣ್ಣೋ, ಗಂಡೋ?"

ಎಮ್ಮೆಗೆ ಆ ಕಾನೂನು ಇಲ್ಲ, ಆದರೆ ನಮ್ಮ ಈ ಯಂತ್ರದಲ್ಲಿ ಅಷ್ಟು ಖಚಿತವಾಗಿ ತಿಳಿಯುವುದಿಲ್ಲ ಎಂದೆ. ಅವನು ಮೇಲೆ ನೋಡಿ ಕೈಮುಗಿದ. ಹೆಣ್ಣುಗರುವೇ ಆಗಲಿ, ಹಾಗಾದರೆ ಇಡೀ ಓಣಿಗೆ ಪೇಢಾ ಹಂಚುತ್ತೇನೆ ಎಂದ.

ಹೆಂಡತಿ ಎಮ್ಮೆಯ ಕೊರಳು ಸವರುತ್ತ ನಿಂತಿದ್ದಳು. ತಿರುಗಿ ಕೂಡ ನೋಡದೆ ಹೇಳಿದಳು: "ನಾ ಮೂರ ಹೆಣ್ಣು ಹಡದೇನ್ರಿ ಬಾಯಾರ. ಒಂದ ಪೇಢಾದ ಮುಖ ನೋಡಿಲ್ಲ."

ಗಂಡ ಎಮ್ಮೆಯ ಹಗ್ಗ ಬಿಚ್ಚಲು ಬಗ್ಗಿದ. ಆ ಗಂಟು ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಉಸಿರು

ನಮ್ಮಲ್ಲಿ ಎಕ್ಸ್‌ರೇ ತೆಗೆಯುವವರು ಮೊದಲು ಮನುಷ್ಯರ ದವಾಖಾನಿಯಲ್ಲಿ ಇದ್ದವರು. ಕೆಲಸದಲ್ಲಿ ಗಟ್ಟಿ. ಹಳೆಯ ರೂಢಿ ಮಾತ್ರ ಬಿಟ್ಟಿರಲಿಲ್ಲ.

ಶಿರೂರಿನ ಒಬ್ಬ ಹಿರಿಯರು ಟಗರು ತಂದರು. ಹಣೆಗೆ ಭಂಡಾರದ ಅರಿಶಿನ, ಹೆಗಲಿಗೆ ಕಂಬಳಿ, ಬಾಯಲ್ಲಿ ದೇವರು ಬೀರಪ್ಪನ ಹೆಸರು. ಮಗನಿಗಿಂತ ಹೆಚ್ಚು ಮುದ್ದಿನಿಂದ ಸಾಕಿದ ಟಗರು ಎರಡು ದಿನದಿಂದ ಮುಂಗಾಲು ಊರುತ್ತಿರಲಿಲ್ಲ. ಎಲುಬು ಮುರಿದಿದ್ದರೆ ಏನು ಗತಿ ಎಂದು ಅವರು ಊಟ ಬಿಟ್ಟಿದ್ದರು. ಎಕ್ಸ್‌ರೇ ಕೋಣೆಯಲ್ಲೂ ಟಗರನ್ನು ಬೇರೆಯವರ ಕೈಗೆ ಕೊಡಲಿಲ್ಲ. ಸರಿ, ಅವರಿಗೇ ಸೀಸದ ಭಾರವಾದ ಅಂಗಿ ತೊಡಿಸಿ, ಟಗರು ಹಿಡಿದು ನಿಲ್ಲಿ ಎಂದೆವು.

ಗಾಜಿನ ಹಿಂದಿನಿಂದ ನಮ್ಮವರು ರೂಢಿಯಂತೆ, "ಉಸಿರು ಹಿಡೀರಿ, ಅಳ್ಳಾಡಬ್ಯಾಡ್ರಿ" ಎಂದು ಗುಂಡಿ ಒತ್ತಿದರು. ಚಿತ್ರ ಕಂಪ್ಯೂಟರಿನಲ್ಲಿ ಮೂಡಿತು. ನನ್ನನ್ನು ಕರೆದರು. ಇಬ್ಬರೂ ದೊಡ್ಡದು ಮಾಡಿ ನೋಡಿದೆವು. ಎಲುಬು ಸರಿಯಾಗಿತ್ತು, ಗೊರಸಿನ ಸಂದಿನಲ್ಲಿ ಸಣ್ಣ ಕಲ್ಲಿನ ಚೂರು. ಅದು ಎಷ್ಟು ಆಳ ಹೋಗಿದೆ ಎಂದು ಮಾತಾಡುತ್ತಿರುವಾಗ ಒಳಗಿನಿಂದ ಗೋಡೆ ಗುದ್ದುವ ಸಪ್ಪಳ ಕೇಳಿತು.

ಓಡಿಹೋಗಿ ನೋಡಿದರೆ ಹಿರಿಯರ ಮುಖ ತಾಮ್ರದ ಕೊಡದಂತಾಗಿದೆ, ಕಣ್ಣು ಹೊರಬಂದಿವೆ. ಒಂದು ಕೈಯಲ್ಲಿ ಟಗರು, ಇನ್ನೊಂದು ಕೈಯಿಂದ ಗೋಡೆ ಗುದ್ದುತ್ತಿದ್ದಾರೆ. ಉಸಿರು ಬಿಡಿ ಎಂದು ನಾನು ಅಂದದ್ದೇ ತಡ, ಬಿಟ್ಟ ರಭಸಕ್ಕೆ ಟಗರೇ ಬೆದರಿ ಎರಡು ಹೆಜ್ಜೆ ಹಿಂದೆ ಸರಿಯಿತು. ಮಾತು ಬಂದ ಮೇಲೆ ಅವರು ಹೇಳಿದ್ದಿಷ್ಟು: ಹಿಡಿ ಎಂದವರು ಬಿಡು ಎನ್ನಲಿಲ್ಲ, ತಾನಾಗಿ ಬಿಟ್ಟು ಫೋಟೋ ಕೆಟ್ಟರೆ ಟಗರಿನ ಕಾಲಿಗೆ ಔಷಧ ತಪ್ಪುತ್ತದೆ ಎಂದು ತಡೆದುಕೊಂಡಿದ್ದರಂತೆ.

ಏನೂ ಮುರಿದಿಲ್ಲ, ಒಂದು ಕಲ್ಲು ತೆಗೆದರೆ ಸಾಕು ಎಂದೆ. ಅವರು ಟಗರಿನ ತಲೆ ಸವರಿದರು. ಆಮೇಲೆ ತಮ್ಮ ಎದೆ ಮುಟ್ಟಿಕೊಂಡು ಕೇಳಿದರು:

"ನಂದು ಹೆಂಗ ಬಂದೈತ್ರಿ?"

ತೂಕ

ಜಂತಿನ ಔಷಧವನ್ನು ತೂಕ ನೋಡಿ ಕೊಡಬೇಕು. ಹುನಗುಂದದ ಕಡೆಯ ಒಬ್ಬ ಅಜ್ಜಿ ತಂದ ಆಡು ಯಂತ್ರದ ಮೇಲೆ ಒಂದು ಗಳಿಗೆ ನಿಲ್ಲಲೊಲ್ಲದು. ಕಡೆಗೆ ಆಡನ್ನು ಎತ್ತಿಕೊಂಡು ನೀನೇ ಹತ್ತು ಎಂದೆ. ಹತ್ತಿದಳು, ಬರೆದುಕೊಂಡೆವು. ಈಗ ಆಡು ಇಳಿಸಿ ಒಬ್ಬಳೇ ನಿಲ್ಲು, ಅದರಲ್ಲಿ ಇದನ್ನು ಕಳೆಯೋಣ ಎಂದೆ.

ಅಜ್ಜಿ ಇಳಿದೇಬಿಟ್ಟಳು. "ನನ್ನ ತೂಕ ಬರಕೊಂಡು ನನಗೂ ಜಂತಿನ ಔಷಧ ಕುಡಸ್ತೀರಿ. ನಾ ಒಲ್ಲೆ" ಎಂದಳು.

ಹಾಗಾದರೆ ಕಂಪೌಂಡರ್ ಎತ್ತಿಕೊಳ್ಳಲಿ ಎಂದೆ. ಲ್ಯಾಬಿನ ಹುಡುಗಿಯರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಂಪೌಂಡರು ಹೊಟ್ಟೆ ಒಳಗೆ ಎಳೆದುಕೊಂಡು, ತಮಗೆ ಸೊಂಟ ನೋವು, ಬಾಯಾರೇ ಎತ್ತಿಕೊಳ್ಳಲಿ ಎಂದರು. ನನಗೆ ಆಗಲೇ ಒಂದು ಅರ್ಜೆಂಟ್ ಫೋನ್ ಮಾಡುವುದು ನೆನಪಾಯಿತು. ಹೀಗೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಆಡಿಗೇ ಸಾಕಾಯಿತೋ ಏನೋ, ತಾನೇ ಹೋಗಿ ಯಂತ್ರದ ನಟ್ಟನಡುವೆ ಮಲಗಿಕೊಂಡಿತು. ನಮ್ಮಲ್ಲಿ ನಾಚಿಕೆ ಇಲ್ಲದ್ದು ಅದೊಂದೇ.

ಕೊರಳಪಟ್ಟಿ

ಬಾದಾಮಿಯ ಒಬ್ಬ ಮಾಸ್ತರರ ನಾಯಿಗೆ ಬೆನ್ನಿನ ಗಂಟು ತೆಗೆದು ಹೊಲಿಗೆ ಹಾಕಿದ್ದೆ. ಹೊಲಿಗೆ ನೆಕ್ಕಬಾರದೆಂದು ಕೊರಳಿಗೆ ಪ್ಲಾಸ್ಟಿಕ್ಕಿನ ಅಗಲ ಬಾಯಿಯ ಪಟ್ಟಿ ತೊಡಿಸಿದೆ. ನೋಡಲಿಕ್ಕೆ ಹಳೆಯ ಕಾಲದ ಧ್ವನಿವರ್ಧಕದ ಹಾಗೆಯೇ. ಹತ್ತು ದಿನಕ್ಕೆ ಹೊಲಿಗೆ ತೆಗೆಸಲು ಬನ್ನಿ ಎಂದಿದ್ದೆ.

ತಿಂಗಳಾದರೂ ಬರಲಿಲ್ಲ. ಹೊಲಿಗೆ ಕೊಳೆಯಿತೋ ಏನೋ ಎಂದು ನನಗೇ ಚಿಂತೆಯಾಗಿ ಫೋನ್ ಮಾಡಿದೆ. ಮಾಸ್ತರರು ಸಂಕೋಚದಿಂದ ಹೇಳಿದರು, ಹೊಲಿಗೆಯನ್ನು ಅಲ್ಲಿಯ ಡಾಕ್ಟರರ ಹತ್ತಿರವೇ ತೆಗೆಸಿದ್ದಾರೆ, ಪಟ್ಟಿ ಮಾತ್ರ ತೆಗೆದಿಲ್ಲ. ಅದನ್ನು ಹಾಕಿದಾಗಿನಿಂದ ನಾಯಿ ಬೊಗಳಿದರೆ ಓಣಿ ನಡುಗುತ್ತದೆ. ಇಷ್ಟು ವರ್ಷ ನಾಯಿಯ ತಟ್ಟೆಯಿಂದಲೇ ರೊಟ್ಟಿ ಕದಿಯುತ್ತಿದ್ದ ಮಂಗಗಳು ಈಗ ಅವರ ಮಾಳಿಗೆ ಬಿಟ್ಟು ಪಕ್ಕದ ಮನೆ ಸೇರಿವೆ. ನಾಯಿಗೂ ಈ ಮರ್ಯಾದೆ ಹಿಡಿಸಿದೆಯಂತೆ. ಗಾಯ ಮಾಯ್ದ ಮೇಲೆ ಅದನ್ನು ಹಾಕಿಡಬಾರದು ಎಂದು ಗದರಿಸಿ ತೆಗೆಸಿದೆ.

ಮುಂದಿನ ವಾರ ಆ ಪಕ್ಕದ ಮನೆಯವರೇ ಬಂದರು. ಅಂಥದ್ದೊಂದು ಪಟ್ಟಿ ಬೇಕು, ಸ್ವಲ್ಪ ದೊಡ್ಡ ಅಳತೆಯದು ಎಂದರು. ನಾಯಿ ತಂದಿದ್ದೀರಾ, ಕೊರಳು ಅಳೆಯಬೇಕು ಎಂದೆ.

"ನಾಯಿ ಇಲ್ರಿ. ನಮ್ಮ ಮಾವನವರು ದಿನಾ ಮಾಳಗಿ ಮ್ಯಾಲ ಕುಂತು ಮಂಗ್ಯಾ ಕಾಯ್ತಾರ. ಅವರ ದನಿ ಭಾಳ ಸಣ್ಣದ್ರಿ."

ಎತ್ತುವ ಯಂತ್ರ

ಬಿದ್ದ ದನ ಎತ್ತುವ ಯಂತ್ರವನ್ನು ನಮ್ಮ ಗಾಡಿಯಲ್ಲೇ ಒಯ್ಯುತ್ತೇವೆ. ಮೂರು ಕಾಲಿನ ಕಬ್ಬಿಣದ ನಿಲುವು, ಅದರ ತುದಿಗೆ ಸರಪಳಿಯ ರಾಟೆ, ದನದ ಹೊಟ್ಟೆಯ ಕೆಳಗೆ ಹಾಯಿಸುವ ಅಗಲವಾದ ಪಟ್ಟಿ. ಸರಪಳಿ ಜಗ್ಗಿದರೆ ದನ ಮೆಲ್ಲಗೆ ಮೇಲೇಳುತ್ತದೆ.

ಇಳಕಲ್ಲಿನ ನೇಕಾರರ ಓಣಿಯಿಂದ ಒಂದು ಮುಂಜಾನೆ ಫೋನ್ ಬಂತು. ಹಿಂದಿನ ದಿನ ಕರು ಹಾಕಿದ ಆಕಳು ಬಿದ್ದಿದೆ, ಏಳುತ್ತಿಲ್ಲ. ಹೋಗಿ ನೋಡಿದರೆ ಓಣಿಯ ನಡುವೆಯೇ ಮಲಗಿದೆ. ಕಿವಿ ತಣ್ಣಗೆ, ಕತ್ತು ಒಂದು ಕಡೆ ವಾಲಿದೆ. ಆ ಮನೆಯೊಡತಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಆಚೆ ಕರು ಒದರುತ್ತಿತ್ತು. ಮೈಯೊಳಗಿನ ಕ್ಯಾಲ್ಸಿಯಂ ಎಲ್ಲ ಹಾಲಿಗೆ ಇಳಿದು ಹೀಗಾಗಿದೆ, ತಡವಾಗಿದ್ದರೆ ಕಷ್ಟವಿತ್ತು ಎಂದು ಹೇಳಿ ರಕ್ತನಾಳಕ್ಕೆ ಬಾಟಲಿ ಹಚ್ಚಿದೆ. ಔಷಧ ಹನಿಹನಿಯಾಗಿಯೇ ಹೋಗಬೇಕು. ಅಷ್ಟರಲ್ಲಿ ಯಂತ್ರ ಸಿದ್ಧವಿರಲಿ ಎಂದು ಡ್ರೈವರಿಗೆ ಹೇಳಿದೆ.

ಡ್ರೈವರು ಗಂಭೀರ ಮನುಷ್ಯ, ಪ್ರತಿ ಬೋಲ್ಟನ್ನೂ ಎರಡು ಸಲ ತಿರುವಿ ನೋಡುವವರು. ಕಬ್ಬಿಣದ ಕಾಲುಗಳು ಮೇಲೇಳುತ್ತಿದ್ದಂತೆ ಓಣಿಯ ಮಗ್ಗಗಳ ಸಪ್ಪಳ ಒಂದೊಂದಾಗಿ ನಿಂತಿತು. ಮಾಳಿಗೆ ತುಂಬ ಹೆಂಗಸರು. ಕಿಟಕಿಗೊಂದು ಮೊಬೈಲು. ಒಬ್ಬರು ಮತ್ತೊಂದು ಓಣಿಯ ಬೀಗರಿಗೆ ಫೋನ್ ಮಾಡಿ, ಆಕಳನ್ನು ಗಾಳಿಯಲ್ಲಿ ಎತ್ತುತ್ತಾರೆ, ಬೇಗ ಬನ್ನಿ ಎಂದರು. ಪಟ್ಟಿ ಹಾಯಿಸಿದ್ದಾಯಿತು. ಕೊಕ್ಕೆ ಸಿಕ್ಕಿಸುವುದಷ್ಟೇ ಬಾಕಿ.

ಆಗ ಆಕಳು ಕಿವಿ ಆಡಿಸಿತು. ಒಂದು ತೇಗು ತೇಗಿತು, ಸಗಣಿ ಹಾಕಿತು. ಮೊಣಕಾಲು ಊರಿ ತಾನಾಗಿಯೇ ಎದ್ದು ನಿಂತು, ಪಟ್ಟಿಯಿಂದ ಹೊರಗೆ ಹೆಜ್ಜೆ ಇಟ್ಟು, ಕರುವಿನ ಕಡೆ ನಡೆಯಿತು. ನನಗೆ ಎದೆ ಹಗುರಾಯಿತು. ಮಾಳಿಗೆಗಳ ಮೇಲಿನಿಂದ ಮಾತ್ರ 'ಛೇ' ಎನ್ನುವ ಸದ್ದು ಬಂತು.

ಓಣಿಯ ಹಿರಿಯರೊಬ್ಬರು ಮುಂದೆ ಬಂದು ಬಹಳ ವಿನಯದಿಂದ ಹೇಳಿದರು: "ಡಾಕ್ಟರ್ ಬಾಯಾರ, ಇಷ್ಟ ಮಂದಿ ಕೆಲಸ ಬಿಟ್ಟ ಬಂದಾರ. ಅದನ್ನ ಇನ್ನೊಮ್ಮೆ ಸಾವಕಾಶ ಮಲಗಿಸಿ, ಎತ್ತಿ ತೋರಸ್ರಿ."

ಮನೆಯೊಡತಿ ಆಗಷ್ಟೇ ಕಣ್ಣೊರೆಸಿಕೊಂಡು ಎದ್ದಿದ್ದಳು. ಈ ಮಾತು ಕೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮನೆಯ ಮುಂದಿನ ಕಟ್ಟೆಯ ಮೇಲೆ ಒಬ್ಬರು ಗೋಡೆಗೆ ಒರಗಿ ಪೇಪರ್ ಓದುತ್ತಿದ್ದರು. ಆಕೆ ಅವರ ಕಡೆ ಕೈ ಮಾಡಿದಾಗಲೇ ಅವರು ಆಕೆಯ ಯಜಮಾನರು ಎಂದು ನನಗೆ ತಿಳಿದದ್ದು.

"ಎತ್ತೂದು ನೋಡಬೇಕೇನು? ಬಾಯಾರ, ಆ ಪಟ್ಟಿ ಇತ್ತ ತರ್ರಿ, ಇವರನ್ನ ಎತ್ರಿ. ಆಕಳು ಬಿದ್ದಿದ್ದು ಇವತ್ತ ಮುಂಜಾನಿ. ಇವರು ನೌಕರಿ ಮುಗಿದಾಗಿಂದ ಈ ಕಟ್ಟಿ ಬಿಟ್ಟು ಎದ್ದಿಲ್ಲ."

ಓಣಿಯವರೆಲ್ಲ ನನ್ನ ಕಡೆ ನೋಡಿದರು. ಡ್ರೈವರು ಕಟ್ಟೆಯನ್ನೂ ನಿಲುವಿನ ಕಾಲುಗಳನ್ನೂ ಕಣ್ಣಲ್ಲೇ ಅಳೆದು, ಪಟ್ಟಿ ಹೆಗಲಿಗೆ ಹಾಕಿಕೊಂಡು, "ಎಷ್ಟ ತೂಕ ಅದಾರ್ರಿ?" ಎಂದು ಕೇಳಿದರು.

ಯಜಮಾನರು ಪೇಪರ್ ಮಡಚಿಟ್ಟರು. ಎದ್ದು ನಿಂತರು. ಬಕೀಟು ಎತ್ತಿಕೊಂಡು ಆಕಳಿಗೆ ನೀರು ತರಲು ಹೊರಟೇಬಿಟ್ಟರು.

ಅವತ್ತಿನ ರಜಿಸ್ಟರಿನಲ್ಲಿ 'ಯಂತ್ರ ಬಳಸದೇ ಎದ್ದದ್ದು: ಒಂದು' ಎಂದು ಬರೆದೆ. ಖರೆ ಹೇಳಬೇಕೆಂದರೆ ಎರಡು.