ಮೂಳೆಯಿಲ್ಲದ ಭಾನುವಾರ

ನನ್ನ ಹೆಂಡತಿ ಪವಿತ್ರಾಳ ಪ್ರಕಾರ ನನಗೆ ಎರಡು ಕಾಯಿಲೆ. ಒಂದು, ಕೂತ ಕಡೆ ಕೂರುವುದಿಲ್ಲ. ಇನ್ನೊಂದು, ಅಪ್ಪಿತಪ್ಪಿ ಕೂತರೆ ಫೋನು ನೋಡುತ್ತೇನೆ. ಎರಡೂ ಒಂದೇ ದಿನ ಕೆರಳಿದರೆ ಮನೆಯಲ್ಲಿ ಏನಾದರೊಂದು ಕೆಟ್ಟೇ ಕೆಡುತ್ತದೆ ಎನ್ನುವುದು ಅವಳ ಸಂಸಾರದ ಅನುಭವ. (ಕೋಳಿಗೂಡಿಗೆ ಸೋಲಾರ್ ದೀಪ ಹಾಕಿಸಿದ್ದು, ಕೋಳಿಗಳು ನಿದ್ದೆಗೆಟ್ಟು ಮೊಟ್ಟೆ ನಿಲ್ಲಿಸಿದ್ದು, ಆ ಸಂಗತಿಯೆಲ್ಲ ಈಗ ಬೇಡ.)

ಆದರೆ ಈ ಸಲ ನನ್ನ ಉದ್ದೇಶ ಘನವಾದದ್ದು. ನನ್ನ ಒಡಹುಟ್ಟಿದ ಅಣ್ಣ ನಿಂಗಯ್ಯನನ್ನು ನಮ್ಮ ಮನೆಯ ಪಂಕ್ತಿಯಲ್ಲಿ ಮತ್ತೆ ಕೂರಿಸಬೇಕಾಗಿತ್ತು.

ಮೂರು ವರ್ಷದ ಹಿಂದೆ ಪಿತೃಪಕ್ಷಕ್ಕೆ ಅಪ್ಪನಿಗೆ ಎಡೆ ಇಟ್ಟು ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದೆವು. ಬಡಿಸುವ ಸೌಟು ನನ್ನ ಕೈಯಲ್ಲಿತ್ತು. ಪಾತ್ರೆಯಲ್ಲಿ ನಲ್ಲಿ ಮೂಳೆ ಒಂದೇ ಒಂದು. ಒಳಗೆ ಬೆಣ್ಣೆಯಂಥ ಮಜ್ಜೆ ತುಂಬಿಕೊಂಡ ಆ ಮೂಳೆ ಮನೆಯ ಹಿರಿಯನ ಎಲೆಗೆ ಹೋಗಬೇಕು ಎನ್ನುವುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಅದು ನನ್ನ ಬಾಮೈದನ ಎಲೆಗೆ ಬಿತ್ತು. ಸೌಟಿಗೆ ಕಣ್ಣಿಲ್ಲ, ನಾನೇನು ಮಾಡಲಿ? ಅಣ್ಣ ಅರ್ಧ ಮುದ್ದೆ, ಅಷ್ಟೂ ಸಾರು ಇದ್ದ ಹಾಗೇ ಎಲೆ ಮಡಚಿ ಎದ್ದು ಹೋದ. ಉಣ್ಣುವುದು ಬಾಕಿ ಇರುವಾಗಲೇ ಎಲೆ ಮಡಚುವುದೆಂದರೆ, ನಿಮ್ಮ ಮನೆಯ ಋಣ ಇಲ್ಲಿಗೆ ಹರಿಯಿತು ಎಂದು ಊರ ಮುಂದೆ ಹೇಳಿದ ಹಾಗೆ.

ಅಲ್ಲಿಂದ ಮಾತು ಬಿಟ್ಟೆವು. ಬಿಟ್ಟೆವು ಎಂದರೆ ಬಿಡುವುದು ಅಷ್ಟು ಸುಲಭವಾಗಿರಲಿಲ್ಲ. ಗಾವಡಗೆರೆ ಪಕ್ಕದ ನಮ್ಮ ಊರಿನಲ್ಲಿ ಇಬ್ಬರ ಮನೆಗೂ ಒಂದೇ ಗೋಡೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನೂ ಒಂದೇ. ಹಾಗಾಗಿ ನಮ್ಮ ಮಾತೆಲ್ಲ ಅವ್ವನ ಮೂಲಕ ನಡೆಯುತ್ತಿತ್ತು. ಅವ್ವ ಇಲ್ಲದಾಗ ಎಮ್ಮೆಯ ಮೂಲಕ. "ಎಮ್ಮೆ, ಬ್ಯಾರನ್ ಬೆಂಕಿ ಇಳೀತಾ ಐತೆ. ಸೌದೆ ಆಕೋರು ಮಲಗ್ಬುಟ್ರಾ ನೋಡು" ಎಂದು ಅಣ್ಣ ಹೇಳುತ್ತಿದ್ದ. "ಎಮ್ಮೆ, ಸೌದೆ ಆಕಿ ಆಗ್ಲೇ ಒತ್ತಾಯ್ತು ಅಂತ ಯೋಳು" ಎಂದು ನಾನು. ಎಮ್ಮೆ ಇಬ್ಬರ ಮುಖವನ್ನೂ ನೋಡಿ ಮೆಲುಕು ಹಾಕುತ್ತಿತ್ತು.

ನಿಜ ಹೇಳುತ್ತೇನೆ, ಅಣ್ಣನಿಲ್ಲದ ಭಾನುವಾರ ನನಗೆ ಮಟನ್ ಸಾರು ಕೂಡ ಸಪ್ಪೆ. ನನಗೆ ಸೈಕಲ್ಲು ಕಲಿಸಿದ್ದು ಅವನು, ಕೆರೆಯಲ್ಲಿ ಮುಳುಗುತ್ತಿದ್ದವನ ಜುಟ್ಟು ಹಿಡಿದು ಎಳೆದದ್ದೂ ಅವನೇ. ಬಾಯಿಬಿಟ್ಟು ಕರೆಯಲು ಮಾತ್ರ ನನ್ನ ನಾಲಿಗೆ ಏಳುತ್ತಿರಲಿಲ್ಲ.

ಕೊನೆಗೆ ನಮ್ಮವ್ವ ಪುಟ್ಟತಾಯಮ್ಮ ಹೋಗಿ ಅಣ್ಣನ ಜಗಲಿಯ ಮೇಲೆ ಕೂತಳು. ನೀನು ತಮ್ಮನ ಮನೆಗೆ ಉಣ್ಣಲು ಬರುತ್ತೇನೆ ಎನ್ನುವವರೆಗೂ ಏಳುವುದಿಲ್ಲ ಎಂದಳು. ಮಧ್ಯಾಹ್ನ ತಿರುಗುವ ಹೊತ್ತಿಗೆ ಅಣ್ಣ ಸೋತ.

"ಆಯ್ತು ಕಣವ್ವ, ಬರೋ ಭಾನುವಾರ ಬತ್ತೀನಿ. ಸೌಟು ಅವನ ಕೈಲಿ ಇರಕೂಡ್ದು. ಇನ್ನೊಂದ್ಸಲ ನಂಗೆ ಅವಮಾನ ಆದ್ರೆ ಆ ಒಸ್ಲು ತುಳಿಯಾಕಿಲ್ಲ, ಅಪ್ಪನ ಎಡೆಗೂ ಬರಾಕಿಲ್ಲ."

ಆ ಕ್ಷಣದಿಂದ ನನ್ನ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಏನು ಮಾಡಿಸುವುದು? ಮಟನ್ ಸಾರು ಮಾಡಿದರೆ ಮೂಳೆ ಬರುತ್ತದೆ. ಮೂಳೆ ಬಂದರೆ ದೊಡ್ಡದು ಸಣ್ಣದು ಬರುತ್ತದೆ, ಅದರ ಹಿಂದೆಯೇ ಜಗಳ ಬರುತ್ತದೆ. ಬ್ಯಾರನ್ ಮುಂದೆ ಕೂತು, ಎದ್ದು, ಸೌದೆ ನೂಕಿ, ಮತ್ತೆ ಕೂತು ಫೋನು ತೆರೆದರೆ ಯಾವುದೋ ದೇಶದ ಒಬ್ಬ ಹೆಂಗಸು ಅಡುಗೆ ಮಾಡುತ್ತಿದ್ದಳು. ಸಣ್ಣಗೆ ಕೊಚ್ಚಿದ ಮಾಂಸ, ಅಂದರೆ ಕೈಮವನ್ನು ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸ್ ಹಾಕಿ ಹುರಿದಳು. ಲೆಟ್ಯೂಸ್ ಎಂಬ ಹಸಿರು ಎಲೆಯ ಮೇಲೆ ಒಂದೊಂದು ಚಮಚ ಇಟ್ಟಳು. ಎಲೆ ಸುತ್ತಿ ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡಳು.

ನನಗೆ ಜ್ಞಾನೋದಯವಾಯಿತು. ಕೈಮಕ್ಕೆ ಮೂಳೆಯೇ ಇಲ್ಲ. ಎಲ್ಲರಿಗೂ ಅದೇ ಚಮಚ, ಅದೇ ಎಲೆ. ನಿಂಗಯ್ಯನಿಗೂ ಒಂದೇ, ಬಾಮೈದನಿಗೂ ಒಂದೇ. ಸಮಾನತೆ ಎಂದು ದೊಡ್ಡವರು ಭಾಷಣ ಬಿಗಿಯುವುದನ್ನು ಆ ಹೆಂಗಸು ಒಂದು ಬಾಣಲೆಯಲ್ಲಿ ಮಾಡಿ ಮುಗಿಸಿದ್ದಳು.

ಪವಿತ್ರಾ ಆ ವಿಡಿಯೋವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ರೀ, ಎಲೆಗೆ ಹಾಕ್ಕೊಂಡು, ಎಲೆ ಮಡಚಿ, ಆಮೇಲೆ ತಿನ್ನೋದಾ?"

"ಹೂಂ."

"ಭಾವನ ಮುಂದೆ?"

"ಎಲ್ಲರ ಮುಂದೆ. ಅದರಲ್ಲೇನಿದೆ?"

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಅಷ್ಟರಲ್ಲಿ ಎದ್ದು ಬೈಕಿನ ಕೀ ಹುಡುಕುತ್ತಿದ್ದೆ.

ಲೆಟ್ಯೂಸ್ ಹುಣಸೂರು ಸಂತೆಯಲ್ಲಿ ಸಿಗುವ ಪದಾರ್ಥವಲ್ಲ. ನನ್ನ ಜೊತೆ ಓದಿದ ಚೇತನ್‌ಕುಮಾರ್ ಹಂಪಾಪುರದಿಂದ ಕಬಿನಿ ಕಡೆಯ ರೆಸಾರ್ಟುಗಳಿಗೆ ತರಕಾರಿ ಹಾಕುತ್ತಾನೆ. ಶನಿವಾರ ಅಷ್ಟು ದೂರ ಬೈಕ್ ಓಡಿಸಿಕೊಂಡು ಹೋದೆ. "ಇದನ್ನ ಫಾರಿನ್‌ನೋರು ತಿಂತಾರೆ ಕಣ್ಲಾ, ನಿಂಗ್ಯಾಕೆ?" ಎನ್ನುತ್ತಲೇ ಒಂದು ಚೀಲ ಕೊಟ್ಟ. ಬಾಡದಿರಲೆಂದು ಚೀಲಕ್ಕೆ ಒದ್ದೆ ಟವೆಲ್ಲು ಸುತ್ತಿ ಎದೆಗೆ ಕಟ್ಟಿಕೊಂಡೆ. ದಾರಿಯಲ್ಲಿ ಸಿಕ್ಕ ಪರಿಚಯದವರೊಬ್ಬರು, ಗಂಡೋ ಹೆಣ್ಣೋ ಎಂದು ವಿಚಾರಿಸಿದರು. ಅಲ್ಲಿಂದ ಗುರುಪುರದ ಟಿಬೆಟ್ ಕ್ಯಾಂಪಿಗೆ ಹೋಗಿ ಸೋಯಾ ಸಾಸ್ ತಂದೆ. ಗೋಬಿ ಮಂಚೂರಿ ಗಾಡಿಯ ಸಾಸ್ ನನ್ನ ಘನ ಉದ್ದೇಶಕ್ಕೆ ಸಾಲದು ಅನ್ನಿಸಿತ್ತು.

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯಲ್ಲಿ ನಾನೇ ಮೊದಲು.

"ತೊಡೆ ಕೊಡಿ. ಮೂಳೆ ಪೂರ್ತಿ ತೆಗೆದು ಕೈಮ ಮಾಡಿ."

ಅಂಗಡಿಯವನು ಎತ್ತಿದ ಕತ್ತಿಯನ್ನು ಹಾಗೇ ಹಿಡಿದು ನಿಂತ. "ನಲ್ಲಿ?"

"ಬೇಡ."

"ಮನೇಲಿ ಎಲ್ಲಾ ಉಸಾರಾಗವ್ರಾ?"

ಬೇಡವೆಂದರೂ ಮೂಳೆಗಳನ್ನು ಬೇರೆ ಕವರಿಗೆ ಹಾಕಿ ಕೈಗೆ ತುರುಕಿದ. ಮನೆಗೆ ಬಂದವನೇ ಆ ಕವರನ್ನು ಪವಿತ್ರಾಳ ಕೈಗೆ ಕೊಟ್ಟೆ. "ಇದನ್ನ ನಾಯಿಗೆ ಹಾಕಿಬಿಡು. ಇವತ್ತು ಈ ಮನೆಯೊಳಗೆ ಮೂಳೆಯ ಸುಳಿವೂ ಇರಬಾರದು."

"ನಾಯಿಗೆ" ಎಂದು ಅವಳು ಮೆಲ್ಲಗೆ ಹೇಳಿಕೊಂಡು ಕವರನ್ನು ಒಳಗೆ ತೆಗೆದುಕೊಂಡು ಹೋದಳು.

ಅಡುಗೆ ನಾನೇ ಮಾಡಿದೆ. ಮಾಡಿದೆ ಎಂದರೆ, ಅಡುಗೆಮನೆಗೂ ಬಾಗಿಲಿಗೂ ನಡುವೆ ಓಡಾಡುತ್ತಾ ಮಾಡಿದೆ. ಅಣ್ಣ ಬರುತ್ತಾನೋ ಇಲ್ಲವೋ ಎಂದು ಬಾಗಿಲಲ್ಲಿ ಇಣುಕುವುದು, ಕೈಮ ತಳ ಹಿಡಿಯುತ್ತದೆ ಎಂದು ಓಡಿ ಬರುವುದು. ಎಳ್ಳೆಣ್ಣೆ ಹಾಕಿದಾಗ ಅವ್ವ ಮೂಗು ಮುಚ್ಚಿಕೊಂಡಳು.

"ಅಯ್ಯೋ ಮಾದೇಶ, ಅದು ಶನಿದೇವ್ರ ದೀಪದ ಎಣ್ಣೆ ಕಣ್ಲಾ."

"ಅಲ್ಲಿನವರು ಇದರಲ್ಲೇ ಮಾಡ್ತಾರೆ ಕಣವ್ವ."

"ಅಂಗಾದ್ರೆ ಶನಿ ಅಲ್ಲಿಗೇ ಓಗ್ಲಿ ಬುಡು." ಸೋಯಾ ಸಾಸ್ ಬಿದ್ದು ಕೈಮ ಕಪ್ಪಗಾದದ್ದನ್ನು ನೋಡಿ, ಬ್ಯಾರನ್ ಮಸಿ ಏನಾದರೂ ಉದುರಿತಾ ಎಂದು ಕೇಳಿದಳು. ಲೆಟ್ಯೂಸನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು. "ಹೊಗೆಸೊಪ್ಪೇ ಬೇಯಿಸಿ ಮಾರ್ತೀವಿ, ನೀನು ಸೊಪ್ಪನ್ನ ಅಸಿದೇ ತಿನ್ನು ಅಂತೀಯಲ್ಲಪ್ಪ."

ಅಣ್ಣ ಬಂದ. ಅತ್ತಿಗೆಯೂ ಬಂದರು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದ. ಪಕ್ಕದ ಮನೆಗೆ ಬರಲು ಅವನು ಅಷ್ಟು ಸಿದ್ಧನಾಗಿ ಬಂದಿದ್ದ. "ಬಾ ಅಣ್ಣ" ಎನ್ನಬೇಕೆಂದು ಬಾಯಿ ತೆರೆದೆ. "ಅವ್ವ, ಬಂದವರಿಗೆ ಕೈ ತೊಳೆಯೋಕೆ ನೀರು ಕೊಡು" ಎಂದು ಬಂತು.

ಜಮಖಾನ ಹಾಸಿ ಸಾಲಾಗಿ ಬಾಳೆ ಎಲೆ ಹಾಕಿದ್ದೆವು. ಅಣ್ಣನ ಪಕ್ಕಕ್ಕೇ ನನ್ನ ಜಾಗ. ಪವಿತ್ರಾ ಪ್ರತಿ ಬಾಳೆ ಎಲೆಯ ನಡುವೆ ಲೆಟ್ಯೂಸ್ ಎಲೆಗಳನ್ನು ಇಟ್ಟು ಬಂದಳು. ಅಣ್ಣ ಎಲೆಯ ಮೇಲಿನ ಎಲೆಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಲೋಟದಿಂದ ನಾಲ್ಕು ಹನಿ ನೀರು ಚಿಮುಕಿಸಿ, ಊಟದ ಎಲೆಯನ್ನು ಒರೆಸುವ ಹಾಗೆ ಲೆಟ್ಯೂಸನ್ನು ಶ್ರದ್ಧೆಯಿಂದ ಒರೆಸಿದ.

"ಅವ್ವ, ಇಷ್ಟಗಲ ಎಲೆಗೆ ಮುದ್ದೆ ಎಲ್ಲಿ ಇಕ್ತಾರೆ ಕೇಳು."

"ಮುದ್ದೆ ಇಲ್ಲ ಅಂತ ಹೇಳವ್ವ. ಇವತ್ತು ಊಟನೇ ಬೇರೆ."

ಮುದ್ದೆ ಇಲ್ಲ ಎಂಬ ಮಾತಿಗೆ ಅತ್ತಿಗೆ ಅಣ್ಣನ ಮುಖ ನೋಡಿದರು. ಪವಿತ್ರಾ ಎಲ್ಲರ ಲೆಟ್ಯೂಸ್ ಮೇಲೂ ಒಂದೊಂದು ಚಮಚ ಕೈಮ ಬಡಿಸಿದಳು. ಸಮವಾಗಿ ಬಡಿಸಿ ಒಳಗೆ ಹೋದಳು. ನಾನು ಹೆಮ್ಮೆಯಿಂದ ಪ್ರತಿ ಎಲೆಯನ್ನೂ ಬಗ್ಗಿ ನೋಡಿದೆ. ಅಣ್ಣ ಬೆರಳಿನಿಂದ ಒಂದಿಷ್ಟು ಕೈಮ ಬಾಯಿಗೆ ಹಾಕಿಕೊಂಡ. ಮುಖ ಕೆಡಿಸಿಕೊಳ್ಳಲಿಲ್ಲ. ಇನ್ನೊಂದು ಸಲ ಹಾಕಿಕೊಂಡ.

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕೂತ ಕಡೆ ಕೂರದ ಕಾಯಿಲೆ ಕೈಗೂ ಬಂದಿತ್ತು. ಹಾಗೆ ಬೆರಳಲ್ಲಿ ತಿಂದರೆ ಹಂಪಾಪುರದಿಂದ ಎದೆಗೆ ಕಟ್ಟಿಕೊಂಡು ಬಂದ ಎಲೆ ದಂಡವಲ್ಲವೇ?

"ಅವ್ವ, ಅದನ್ನ ಹಾಗೆ ತಿನ್ನಬಾರದು ಅಂತ ಹೇಳು. ಇಲ್ಲಿ ನೋಡಲಿ." ನಾನು ಅಣ್ಣನ ಕಡೆ ತಿರುಗಿದೆ. ಕೈಮ ಇರುವ ಹಾಗೇ ನನ್ನ ಲೆಟ್ಯೂಸ್ ಎಲೆಯನ್ನು ಆ ಕಡೆಯಿಂದ ಈ ಕಡೆಗೆ ಗಂಭೀರವಾಗಿ ಮಡಚಿದೆ.

ಅತ್ತಿಗೆಯ ಕೈ ಬಾಯಿಗೆ ಹೋಗುವ ದಾರಿಯಲ್ಲೇ ಉಳಿಯಿತು. ಅಣ್ಣನ ಕಿವಿ ಕೆಂಪಗಾದದ್ದು ನೋಡಿದ ಮೇಲೆಯೇ ನಾನು ಏನು ಮಾಡಿದೆ ಎಂದು ನನಗೆ ಹೊಳೆದದ್ದು.

"ಅವ್ವ" ಎಂದ ಅಣ್ಣ, ಬಹಳ ತಣ್ಣಗೆ. "ನಾನು ಅವತ್ತು ಮಾಡಿದ್ದ ನಂಗೇ ಆಡಿ ತೋರ್ಸಾಕೆ ಕರ್ಸಿದ್ದಾ ಕೇಳು."

"ಅಲ್ಲವ್ವ, ಇದು ಆ ಮಡಚೋದಲ್ಲ ಅಂತ ಹೇಳು. ಇದು ಸುತ್ತೋದು. ಹೀಗೆ." ಗಾಬರಿಯಲ್ಲಿ ಇನ್ನೊಂದು ಲೆಟ್ಯೂಸ್ ತೆಗೆದು ಕೈಮ ಇಟ್ಟು ಅದನ್ನೂ ಮಡಚಿದೆ. ಅದು ಮೊದಲಿನದಕ್ಕಿಂತ ಅಚ್ಚುಕಟ್ಟಾಗಿ ಮಡಚಿಕೊಂಡಿತು. ವಿವರಿಸಲೆಂದು ಮೂರನೆಯದನ್ನೂ ಮಡಚಿದೆ.

"ಲೇ ಮಾದೇಶ, ಕೈ ತೆಗಿಯೋ" ಎಂದು ಅವ್ವ ಅಳುವ ಧ್ವನಿಯಲ್ಲಿ ಹೇಳಿದಳು.

ಅಣ್ಣ ಮಂಡಿಯ ಮೇಲೆ ಕೈ ಊರಿದ. ಇಸ್ತ್ರಿ ಪಂಚೆ ಕೊಡವಿಕೊಂಡ. ಈಗ ಎದ್ದರೆ ಇನ್ನು ಅಪ್ಪನ ಎಡೆಗೂ ಇವನಿಲ್ಲ, ಸಾಯುವವರೆಗೂ ನಮಗೆ ಎಮ್ಮೆಯೇ ಗತಿ ಎಂದುಕೊಂಡೆ. ನನ್ನ ಕಣ್ಣಲ್ಲಿ ನೀರು ಬಂತು. ನನಗೆ ಬೇರೇನೂ ತೋಚದೆ ನಾಲ್ಕನೆಯ ಲೆಟ್ಯೂಸಿಗೆ ಕೈ ಹಾಕಿದೆ.

ಆಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

ಕೂಗಿನ ಹಿಂದೆಯೇ ವಾಸನೆ ಬಂತು. ಹುರಿದ ಕೊಬ್ಬರಿ, ಧನಿಯ, ಚಕ್ಕೆ, ಮೂಳೆ ಬೆಂದ ಸಾರು. ಅಣ್ಣನ ಕೈ ಮಂಡಿಯ ಮೇಲೇ ನಿಂತಿತು. ಅವನ ಮೂಗು ಅಡುಗೆಮನೆಯ ಕಡೆ ತಿರುಗಿತು, ಮಿಕ್ಕ ಮುಖ ಆಮೇಲೆ ತಿರುಗಿತು.

ಪವಿತ್ರಾ ಒಂದು ಕೈಯಲ್ಲಿ ಮುದ್ದೆಯ ತಟ್ಟೆ, ಇನ್ನೊಂದು ಕೈಯಲ್ಲಿ ಸಾರಿನ ಪಾತ್ರೆ ಹಿಡಿದು ಬಂದಳು. "ಕೂತ್ಕೊಳ್ಳಿ ಭಾವ, ತಡ ಆಯ್ತು" ಎಂದಳು. ಮುದ್ದೆ ಇಟ್ಟು, ಸೌಟನ್ನು ತಳದವರೆಗೂ ಇಳಿಸಿ, ಬೆರಳುದ್ದದ ನಲ್ಲಿ ಮೂಳೆಯನ್ನು ಹುಡುಕಿ ತೆಗೆದು ಅಣ್ಣನ ಎಲೆಯ ನಟ್ಟನಡುವೆ ಇಟ್ಟಳು. ಅಣ್ಣ ಅದನ್ನು ನೋಡಿದ. ನಿಧಾನವಾಗಿ ಮತ್ತೆ ಚಕ್ಕಂಬಕ್ಕಳ ಹಾಕಿದ.

"ಅದನ್ನ ನಾಯಿಗೆ ಹಾಕು ಅಂದಿದ್ದೆನಲ್ಲೇ" ಎಂದು ಅವಳಿಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದೆ.

"ನೀವು ಫೋನಲ್ಲಿ ಎಲೆ ಮಡಚೋದು ತೋರಿಸಿದಾಗಲೇ ಕುಕ್ಕರ್ ತೊಳೆದಿಟ್ಟೆ ಕಣ್ರೀ" ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು.

ಅಣ್ಣ ನಲ್ಲಿಯನ್ನು ನೆಲಕ್ಕೆ ಕುಟ್ಟಿ, ಬಾಯಿಗಿಟ್ಟು, ಸೊರ್ರನೆ ಎಳೆದ. ಮೂರು ವರ್ಷದಿಂದ ಈ ಮನೆ ಆ ಸದ್ದು ಕೇಳಿರಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಎದೆ ಹಗುರವಾಯಿತು. ಹಗುರವಾದ ಕೂಡಲೇ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎನ್ನುವುದು ನೆನಪಾಗಿ ಮುದ್ದೆಗೆ ಕೈ ಚಾಚಿದೆ.

"ಅವನಿಗೆ ಇಕ್ಬ್ಯಾಡ ಕಣವ್ವ ಪವಿತ್ರಾ" ಎಂದಳು ಅವ್ವ. "ಎಲೆ ಮಡಚಾಯ್ತು. ಮಡಚಿದೋರಿಗೆ ಮತ್ತೆ ಇಕ್ಕಬಾರ್ದು."

"ಅವ್ವ, ಅದು ಲೆಟ್ಯೂಸು. ಬಾಳೆ ಎಲೆ ಹಾಸಿದ ಹಾಗೇ ಇದೆ ನೋಡು."

"ಲೆಟ್ಯೂಸೋ ಗಿಟ್ಯೂಸೋ, ಎಲೆ ಎಲೆನೇ ಕಣ್ಲಾ ಮಾದೇಶ."

ಹೇಳಿದ್ದು ಅವ್ವ ಅಲ್ಲ, ಅಣ್ಣ. ನನಗೇ ಹೇಳಿದ. ನೇರವಾಗಿ, ನನ್ನ ಮುಖ ನೋಡಿ, ಹೆಸರು ಹಿಡಿದು. ನಾನು "ಹೂಂ ಅಣ್ಣ" ಎಂದೆ. ಪವಿತ್ರಾ ಮುದ್ದೆಯ ತಟ್ಟೆಯನ್ನು ನನ್ನ ಮುಂದಿನಿಂದ ಅತ್ತಿಗೆಯ ಕಡೆಗೆ ದಾಟಿಸಿದಳು.

ಇರಲಿ, ನನ್ನ ಪಾಲಿಗೆ ಮಡಚಿಟ್ಟ ಮೂರು ಪೊಟ್ಟಣಗಳಿದ್ದವು. ಒಂದನ್ನು ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಅಣ್ಣನ ಕೈ ನನ್ನ ಎಲೆಗೆ ಬಂತು. ಚಿಕ್ಕಂದಿನಿಂದಲೂ ಅವನು ಹೀಗೇ, ಕೇಳುವುದಿಲ್ಲ. ಪೊಟ್ಟಣ ಬಿಚ್ಚಿ, ಕೈಮವನ್ನು ಪೂರ್ತಿ ತನ್ನ ಮುದ್ದೆಯ ಪಕ್ಕಕ್ಕೆ ಸುರಿದುಕೊಂಡ. ಎರಡನೆಯದನ್ನೂ ಬಿಚ್ಚಿದ, ಮೂರನೆಯದನ್ನೂ ಬಿಚ್ಚಿದ. ಬರಿದಾದ ಲೆಟ್ಯೂಸನ್ನು ಮಾತ್ರ ಒಂದೊಂದಾಗಿ ಮಡಚಿ, ನಾನು ಇಟ್ಟಿದ್ದಕ್ಕಿಂತ ಅಚ್ಚುಕಟ್ಟಾಗಿ ನನ್ನ ಎಲೆಯ ಮೇಲೆ ವಾಪಸ್ ಇಟ್ಟ.

"ಕೈಮ ಚೆನ್ನಾಗೈತೆ. ಬರೋ ಭಾನುವಾರನೂ ಇದನ್ನೇ ಮಾಡು" ಎಂದ. "ಮೂಳೆ ಮಾತ್ರ ಬುಡಬ್ಯಾಡ."

ಬೇರೆ ದಿನವಾಗಿದ್ದರೆ ನಾನು ಎಲೆ ಮಡಚಿ ಎದ್ದು ಹೋಗುತ್ತಿದ್ದೆ. ಆದರೆ ಎಲ್ಲರ ಲೆಕ್ಕದಲ್ಲಿ ನನ್ನ ಎಲೆ ಆಗಲೇ ಮಡಚಾಗಿತ್ತು, ಮಡಚಲು ಇನ್ನೇನೂ ಉಳಿದಿರಲಿಲ್ಲ. ಅಣ್ಣ ಎರಡನೆಯ ಮುದ್ದೆ ಇಕ್ಕಿಸಿಕೊಂಡು ಮುಗಿಸುವವರೆಗೂ ಅವನ ಪಕ್ಕದಲ್ಲೇ, ಒಂದು ಸಲವೂ ಏಳದೆ, ಆ ಮೂರು ಸೊಪ್ಪನ್ನೂ ಅಗಿಯುತ್ತಾ ಕೂತಿದ್ದೆ.