ಬಾಗಿಲಲ್ಲಿ ಚಪ್ಪಲಿ, ಆಸಾಮಿ ಮಂಗಮಾಯ

ಶುಕ್ರವಾರ, ಬೆಳಿಗ್ಗೆ ಒಂಬತ್ತೂವರೆ. ಹೊಳೆನರಸೀಪುರದ ನಮ್ಮ ಮನೆಯಲ್ಲಿ ನನ್ನ ಮಗಳ ನಿಶ್ಚಿತಾರ್ಥ. ಹಾಜರಿದ್ದವರು: ಬಾಗೂರಿನಿಂದ ಬಂದ ಗಂಡಿನ ಕಡೆಯವರು, ಪುರೋಹಿತರು, ನಮ್ಮ ನೆಂಟರು. ಗೈರುಹಾಜರು: ನನ್ನ ಮೈದುನ.

ಇದರಲ್ಲಿ ಹೊಸದೇನಿಲ್ಲ ಬಿಡಿ. ಅವನಷ್ಟು ಸೊಗಸಾಗಿ ಕಾಣೆಯಾಗುವ ಮನುಷ್ಯ ಹಾಸನ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ! ನಾನೋ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಬೆಳಿಗ್ಗೆ ಸಂಜೆ ಹಾಜರಿ ಕೂಗಿ ನಿವೃತ್ತಳಾದವಳು. ನನ್ನ ಕಣ್ಣು ತಪ್ಪಿಸಿ ಒಬ್ಬ ಹುಡುಗಿಯೂ ಗೇಟು ದಾಟಿದ್ದಿಲ್ಲ. ಅಂಥವಳ ಎದುರಿಗೇ ಈತ ಕರ್ಪೂರದ ಹಾಗೆ ಕರಗಿಹೋಗುತ್ತಾನೆಂದರೆ ನನಗೆಷ್ಟು ಅವಮಾನ, ನೀವೇ ಹೇಳಿ!

ಮೈಗಳ್ಳ ಅಂದುಕೊಳ್ಳಬೇಡಿ. ಚಪ್ಪರ ಕಟ್ಟುವುದು, ಕಾಯಿ ಸುಲಿಯುವುದು, ಹಂಡೆಗೆ ನೀರು ತುಂಬುವುದು ಎಲ್ಲ ಅವನದೇ. ಆದರೆ ಕೆಲಸ ಮುಗಿದು ಮರ್ಯಾದೆ ಶುರುವಾಯಿತೋ, ಆಸಾಮಿ ಇಲ್ಲ! ಹೊದಿಸುವವರು ಶಾಲು ಹಿಡಿದುಕೊಂಡು ನಿಂತೇ ಇರಬೇಕು. ನಮ್ಮ ಮನೆಯ ಆಲ್ಬಮ್ಮುಗಳನ್ನೆಲ್ಲ ಜಾಲಾಡಿದರೂ ಸಿಗುವುದು ಅವನ ಒಂದೇ ಒಂದು ಮೊಣಕೈ.

ಈ ವಿದ್ಯೆಗೆ ನಮ್ಮಲ್ಲಿ ತಲೆಗೊಂದು ಹೆಸರು. ಅರಕಲಗೂಡಿನವರಾದ ನಮ್ಮತ್ತೆ "ಪೇರಿ ಕಿತ್ತ ಕಣವ್ವ" ಎನ್ನುತ್ತಿದ್ದರು. ಅವನ ಹೆಂಡತಿಗೆ "ಮಂಗಮಾಯ". ಹಾಸನದ ಬಾಡಿಗೆ ಕಾರಿನ ಡ್ರೈವರಿಗೆ "ಗಾಯಬ್". ಮಕ್ಕಳಿಗೆ "ಎಸ್ಕೇಪ್". ಪುರೋಹಿತರಂತೂ "ಅಂತರ್ಧಾನ" ಎಂದು ದೇವರ ಸಾಲಿಗೇ ಸೇರಿಸಿಬಿಟ್ಟಿದ್ದಾರೆ!

ಚನ್ನರಾಯಪಟ್ಟಣದ ಒಂದು ಗೃಹಪ್ರವೇಶದಲ್ಲಿ, ಅವನ ಚಪ್ಪಲಿ ಬಾಗಿಲಲ್ಲೇ ಇದೆಯಲ್ಲ, ಇಲ್ಲೇ ಎಲ್ಲೋ ಇದ್ದಾನೆ ಎಂದು ಎಲೆ ಹಾಕಿ ಕಾದೆವು. ಸಾರು ಆರಿ ತಣ್ಣಗಾಯಿತು. ಆಮೇಲೆ ಗುಟ್ಟು ತಿಳಿಯಿತು. ಅವನು ತರುವುದು ಎರಡು ಜೊತೆ! ಹಳೆಯದು ನಮ್ಮ ಸಮಾಧಾನಕ್ಕೆ ಮುಂಬಾಗಿಲಲ್ಲಿ, ಹೊಸದು ಅವನ ಪ್ರಯಾಣಕ್ಕೆ ಹಿತ್ತಲಲ್ಲಿ.

ಈ ಸಲ ಮಾತ್ರ ಬಿಡುವ ಹಾಗಿರಲಿಲ್ಲ. ನನ್ನ ಯಜಮಾನರಿಲ್ಲದೆ ನಡೆಯುವ ಮೊದಲ ಶುಭಕಾರ್ಯ ಇದು. "ಅಪ್ಪನ ಬದಲು ಕೂತು ಎಲೆಅಡಿಕೆ ಬದಲಾಯಿಸೋರು ಚಿಕ್ಕಪ್ಪನೇ. ಇಲ್ಲಾಂದ್ರೆ ಈ ಶಾಸ್ತ್ರವೇ ಬೇಡ" ಎಂದು ಮಗಳು ಖಡಾಖಂಡಿತವಾಗಿ ಹೇಳಿದ್ದಳು. ಬೆಳಿಗ್ಗೆ ಆರಕ್ಕೇ ಅವನ ಎರಡೂ ಜೊತೆ ಚಪ್ಪಲಿ ನನ್ನ ಟ್ರಂಕು ಸೇರಿ, ಬೀಗ ಬಿತ್ತು.

ಆದರೂ ಹೋದ. ಬರಿಗಾಲಲ್ಲಿ!

"ಎಲೆ ಬದಲಾಯ್ಸೋರು ಎಲ್ಲವ್ವ? ಅತ್ತೂವರೆಗೆ ರಾವುಕಾಲ ಬಂದ್ಬುಡ್ತದೆ" ಎಂದರು ಗಂಡಿನ ತಾತ.

"ಇಲ್ಲೇ ಇದ್ದಾರೆ" ಎಂದೆ.

ತಾತ ಪಕ್ಕದವನನ್ನು ತಿವಿದರು. "ಒಳ್ಳೆ ಮನೆಗೆ ಬಂದ್ವಿ ಕಣ್ಲಾ! ಎಣ್ಣು ಕೂತದೆ, ಎಣ್ ಕೊಡೋನೇ ಓಡೋಗವ್ನೆ!"

ಎಲ್ಲರೂ ನಕ್ಕರು. ಮಗಳು ನಗಲಿಲ್ಲ. ರೇಷ್ಮೆ ಸೀರೆ ಎತ್ತಿಕಟ್ಟಿ ನೇರ ಹಿತ್ತಲಿಗೆ ನಡೆದಳು, ಹಿಂದೆ ನಾನು. ಸೌದೆ ರಾಶಿಯ ಮರೆಯಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ.

"ಏಳಿ ಚಿಕ್ಕಪ್ಪ, ಹೊತ್ತಾಯ್ತು."

"ನನ್ ಕೈಲಾಗಕಿಲ್ಲ ಕಣವ್ವ. ಅದು ನಮ್ಮಣ್ಣ ಕೂರೋ ಜಾಗ. ನಾನ್ ಓಗಿ ಕೂತ್ಬುಟ್ರೆ, ಅವ್ನಿನ್ನು ಬರಾಕಿಲ್ಲ ಅಂತ ನಾನೇ ಒಪ್ಕಂಡಂಗಾಯ್ತದೆ."

ಇವನು ಕಾಣೆಯಾಗುವುದಕ್ಕೆ ಎಷ್ಟೊಂದು ಮಾತು ಕಟ್ಟಿದ್ದೆವು! ನಿಜವಾಗಿ ಹೋದವರ ಬಗ್ಗೆ ಮಾತ್ರ ನಮ್ಮ ಮನೆಯಲ್ಲಿ ಯಾರೂ ಒಂದು ಮಾತೂ ಆಡಿರಲಿಲ್ಲ.

ಮಗಳು ಅವನ ಕೈ ಹಿಡಿದಳು. "ಅಪ್ಪನ ಜಾಗ ಅಪ್ಪನಿಗೇ ಇರಲಿ. ನೀವು ಪಕ್ಕದಲ್ಲಿ ಕೂತ್ಕೊಳಿ."

ಬಂದ. ಜಮಖಾನದ ತುದಿಗೆ ಕೂತ. ಹೆಗಲ ಮೇಲಿನ ಟವೆಲ್ ತೆಗೆದು, ಬಸ್ಸಿನಲ್ಲಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಪಕ್ಕದ ಜಾಗಕ್ಕೆ ಹಾಕಿದ.

"ಒಸಿ ಇತ್ತಗೆ ಸರ್ಕಳಪ್ಪ, ನಡೂಕೆ" ಎಂದರು ತಾತ.

"ಇಲ್ಲಿ ಜನ ಅವ್ರೆ ಸಾ" ಎಂದ ನನ್ನ ಮೈದುನ.

ತಾತ ಟವೆಲ್ ನೋಡಿದರು, ನನ್ನ ಮುಖ ನೋಡಿದರು. ಮತ್ತೆ ಸರಿಯಲು ಹೇಳಲಿಲ್ಲ. ರಾಹುಕಾಲಕ್ಕೆ ಮುಂಚೆಯೇ ಎಲೆಅಡಿಕೆ ಕೈ ಬದಲಾಯಿತು. ಆ ಗಳಿಗೆಯಲ್ಲಿ ತೆಗೆದ ಫೋಟೊದಲ್ಲಿ ಅವನು ಪೂರ್ತಿ ಇದ್ದಾನೆ. ಟವೆಲ್ಲೂ ಇದೆ.

ಸಂಜೆ ನೆಂಟರು ಹೊರಟರು. ಪಾತ್ರೆ ಎಣಿಸಿಟ್ಟು, ಜಮಖಾನ ಮಡಿಸಿ, ಟ್ರಂಕಿನ ಬೀಗ ತೆಗೆದೆ. ಒಂದು ಜೊತೆ ಚಪ್ಪಲಿಯನ್ನು ಮುಂಬಾಗಿಲಲ್ಲಿಟ್ಟೆ, ಇನ್ನೊಂದನ್ನು ಹಿತ್ತಲಲ್ಲಿ.